ಲಂಕೆಯಲ್ಲಿ ರೇಷ್ಮೆ ಮೇಡಂ

ತಾಯಲೂರು

ನಾನು ಶ್ರೀಲಂಕಾಕ್ಕೆ ಹೋಗಿದ್ದು ಅಲ್ಲಿಯ ರೇಷ್ಮೆ ನೋಡಿಕೊಂಡು ಬರಲು ಎಂದು ನಮ್ಮೂರು ನಂಬಿತ್ತು. ನಂಬಿಸಿದ್ದು ನಮ್ಮ ಮನೆಯವರೇ. ಬಸ್ ಸ್ಟ್ಯಾಂಡಿನ ಟೀ ಅಂಗಡಿ ಚೌಡಪ್ಪನಂತೂ ಎಲ್ಲರೆದುರು ಚುಚ್ಚಿಯೇ ಕಳಿಸಿದ: "ಲಂಕಾದಾಗೆ ಒಳ್ಳೆ ತಳಿ ಇದ್ರೆ ನಮ್ಗೂ ಒಂದು ಹಾಳೆ ಹುಳದ ಮೊಟ್ಟೆ ತಗೊಂಬಾರಣ್ಣ. ಎಲ್ಲಾ ನೀನೊಬ್ನೇ ಇಟ್ಕೋಬೇಡ."

ಚೌಡಪ್ಪನೂ ಹುಳ ಸಾಕುತ್ತಾನೆ. ನನ್ನ ಬೆಳೆ ಕಂಡರೆ ಅವನಿಗಾಗದು, ಅವನ ಬೆಳೆ ಕಂಡರೆ ನನಗಾಗದು. ಹುಳದ ವಿಷಯದಲ್ಲಿ ನಾನು ಹೇಳಿದ ಒಂದು ಮಾತನ್ನೂ ಅವನು ಕಿವಿಗೆ ಹಾಕಿಕೊಂಡವನಲ್ಲ.

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಿಟ್ಟದ್ದಕ್ಕೆ ಅಳುತ್ತಾ ಕೂರಲಿಲ್ಲ, ಹಿಪ್ಪುನೇರಳೆ ಸೊಪ್ಪು ಹೊತ್ತೆ. ಇವತ್ತು ನನ್ನ ಹುಳದ ಮನೆ ನೋಡಲು ಮುಳಬಾಗಿಲು ತಾಲ್ಲೂಕಿನ ಬೇರೆ ಊರುಗಳಿಂದ ಜನ ಬರುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ನಾನೇ ನಿಂತು, ಒಂದೊಂದು ಇಟ್ಟಿಗೆಯನ್ನೂ ತಟ್ಟಿ ಸದ್ದು ಕೇಳಿ ಲೋಡು ಮಾಡಿಸಿದ್ದು. ಗೋಡೆಯೂ ನನ್ನ ಕೈಯದೇ. ಇವನು ತನ್ನನ್ನೇ ಹೊಗಳಿಕೊಳ್ಳುತ್ತಾನೆ ಎಂದುಕೊಂಡರೆ ಅಂದುಕೊಳ್ಳಿ, ಸುಳ್ಳಂತೂ ಅಲ್ಲ.

ಲಂಕೆಗೆ ಹೋದ ನಿಜವಾದ ಕಾರಣ ನನ್ನ ತಮ್ಮ ಮುನಿರಾಜು. ಮೀಸೆ ಮೂಡುವ ವಯಸ್ಸಿನಲ್ಲಿ ಅವನಿಗೆ ಯಾರೋ ಕಿವಿಯಲ್ಲಿ ಮಾತಾಡಿದಂತೆ ಕೇಳಿಸತೊಡಗಿತು. ಅನ್ನದಲ್ಲಿ ಏನೋ ಬೆರೆಸಿದ್ದೀರಿ ಎಂದು ತಟ್ಟೆ ಎಸೆಯುತ್ತಿದ್ದ. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೆಲ್ಲ ಇಲ್ಲಿ ಹುಳ ಹಸಿದು ಬೆಳೆ ಹಾಳಾಗುತ್ತಿತ್ತು. ಬೆಳೆ ಉಳಿಸಿಕೊಂಡರೆ ಅವನ ಔಷಧಿ ತಪ್ಪುತ್ತಿತ್ತು. ಹೀಗಿರುವಾಗ ಸರ್ಕಾರದವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿಗೆ ಒಬ್ಬೊಬ್ಬರಂತೆ ಮನಸ್ಸಿನ ಕಾಯಿಲೆ ನೋಡುವ ನರ್ಸುಗಳನ್ನು ಕೊಟ್ಟರು. ಆಸ್ಪತ್ರೆಯಲ್ಲಿ ಕೂರುವವರಲ್ಲ, ಮನೆಗೇ ಬರುವವರು. ನಮ್ಮ ಕಡೆಗೆ ಬಂದವರು ಪದ್ಮ ಸಿಸ್ಟರ್, ಶ್ರೀನಿವಾಸಪುರದ ಹೆಣ್ಣುಮಗಳು. ಸ್ಕೂಟರಿನಲ್ಲಿ ಬಂದು ಇಂಜೆಕ್ಷನ್ ಕೊಟ್ಟು, ಮುನಿಯ ಜೊತೆ ಕೂತು ಮಾತಾಡಿ ಹೋಗುತ್ತಾರೆ. ಈಗ ಮುನಿ ಊಟ ಮಾಡುತ್ತಾನೆ, ನಗುತ್ತಾನೆ, ಅರ್ಧ ಹುಳದ ಮನೆ ಅವನದೇ.

ಆದರೆ ಮೊದಲ ದಿನವೇ ನಮ್ಮಮ್ಮ ಸಿಸ್ಟರ್ ಕೈ ಹಿಡಿದುಕೊಂಡಿತ್ತು. "ಊರ್ಗೆ ಗೊತ್ತಾಗ್ಬಾರ್ದು ಕಣಮ್ಮ. ಮೊಮ್ಮಗಳಿಗೆ ಗಂಡು ನೋಡ್ಬೇಕು. ಮನೇಲಿ ಇಂಥೋರವ್ರೆ ಅಂದ್ರೆ ಯಾರು ಬತ್ತಾರೆ?" ಸಿಸ್ಟರ್ ಭಾಷೆ ಕೊಟ್ಟರು. ಅಂದಿನಿಂದ ಅವರು ನಮ್ಮೂರಿಗೆ 'ರೇಷ್ಮೆ ಮೇಡಂ'. ರೇಷ್ಮೆ ಇಲಾಖೆಯಿಂದ ಹುಳ ನೋಡಲು ಬರುವವರು. ಬಂದ ತಕ್ಷಣ ಹುಳದ ಮನೆ ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲಿಟ್ಟು ಒಳಗೆ ಹೋಗುತ್ತಾರೆ. ಹುಳದ ತಟ್ಟೆಗಳ ಸ್ಟ್ಯಾಂಡುಗಳ ಹಿಂದೆ ಇಂಜೆಕ್ಷನ್ ಆಗುತ್ತದೆ. ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೇ? "ಮೇಡಂ, ನಮ್ ಹುಳಾನೂ ಒಂದ್ಚೂರು ನೋಡಿ" ಎಂದು ದಾರಿಯಲ್ಲಿ ನಿಲ್ಲಿಸತೊಡಗಿದರು. ಸಿಸ್ಟರ್ "ವಿಚಾರಿಸಿ ಹೇಳ್ತೀನಿ" ಎಂದು ಬಂದು, ನನಗೆ ಫೋನು ಮಾಡುತ್ತಿದ್ದರು. ನನಗೆ ತಿಳಿದದ್ದು ಹೇಳುತ್ತಿದ್ದೆ. ಅದನ್ನೇ ಅವರು ಊರಿಗೆ ಹೇಳುತ್ತಿದ್ದರು. ಹುಳಗಳಂತೂ ಬದುಕುತ್ತಿದ್ದವು.

ಈ ನರ್ಸುಗಳಿಗೆ ಸರ್ಕಾರ ಸಂಬಳ ಕೊಡಲು ಒಪ್ಪಿದ್ದ ಅವಧಿ ಮುಗಿಯುತ್ತಾ ಬಂತು. ಮುಂದುವರಿಸಬೇಕೋ ನಿಲ್ಲಿಸಬೇಕೋ ನೋಡಲು ಒಂದು ಸಮಿತಿ. ಸಮಿತಿಗೆ ಬೆಂಗಳೂರಿನ ಡಾಕ್ಟರ್ ಸುಮಿತ್ರಾ ಮೇಡಂ ಯಜಮಾನಿ. ಲಂಕೆಯಲ್ಲಿ ಇಂಥ ನರ್ಸುಗಳು ಸರ್ಕಾರದ ಸಂಬಳದಲ್ಲಿ ಹಳ್ಳಿ ಸುತ್ತುತ್ತಾರಂತೆ, ಅದನ್ನು ನೋಡಿಕೊಂಡು ಬರಲು ಮೇಡಂ, ಸಿಸ್ಟರ್‌ಗಳ ಪರವಾಗಿ ಪದ್ಮ ಸಿಸ್ಟರ್, ರೋಗಿಯ ಮನೆಯವನೊಬ್ಬ. ಮನೆಯವರ ಪೈಕಿ ಕೋಲಾರದ ಸಭೆಯಲ್ಲಿ ಎದ್ದು ಮಾತಾಡಿದವನು ನಾನೊಬ್ಬನೇ. ಹಾಗಾಗಿ ನಾನು.

ಹೊರಡುವಾಗ ಹುಳ ನಾಲ್ಕನೇ ಜ್ವರದಲ್ಲಿತ್ತು. ಹುಳ ಪೊರೆ ಬಿಡಲು ತಲೆ ಎತ್ತಿ ಸುಮ್ಮನಾಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಆ ಹೊತ್ತಿನಲ್ಲಿ ಮನೆ ಬಿಡುವ ರೈತನಿಲ್ಲ. ನಾನು ಬಿಟ್ಟೆ. ಬೀಗದ ಕೈ ಮುನಿಯ ಅಂಗೈಯಲ್ಲಿಟ್ಟೆ.

"ಒಬ್ನೇ ಮಾಡ್ತೀಯೇನ್ಲಾ?"

"ನೀನ್ ಇದ್ರೆ ಬೈಕೊಂಡೇ ಇರ್ತೀಯ. ಹೋಗಣ್ಣ, ಆರಾಮಾಗಿ ಮಾಡ್ತೀನಿ" ಎಂದ.

ಕಟುನಾಯಕ

ವಿಮಾನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು ಹತ್ತಿದೆ. ಪ್ಯಾಂಟು ಹಾಕಿಕೊಳ್ಳಿ ಎಂದು ಮಗಳು ಹೇಳಿದ್ದಳು. ರೇಷ್ಮೆ ಬೆಳೆಯುವವನು ಪಂಚೆ ಬಿಟ್ಟು ಹೋದರೆ ಯಾವ ಮರ್ಯಾದೆ?

ಕೊಲಂಬೊದ ವಿಮಾನ ನಿಲ್ದಾಣ ಇರುವ ಊರು ಕಟುನಾಯಕ. ಅಲ್ಲಿ ನನ್ನ ಬ್ಯಾಗು ಹಿಡಿದರು. ಒಳಗೆ ಹೆಂಡತಿ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟಿತ್ತು. ಅದರ ಮೇಲೆ ಪದ್ಮ ಸಿಸ್ಟರ್ ತಂದ ಶ್ರೀನಿವಾಸಪುರದ ಮಾವಿನಕಾಯಿ ಉಪ್ಪಿನಕಾಯಿ. ಅವರ ಬ್ಯಾಗಿನಲ್ಲಿ ಜಾಗವಿಲ್ಲವೆಂದು ನನ್ನದರಲ್ಲಿ ತುರುಕಿದ್ದರು. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಎಣ್ಣೆ ನನ್ನ ಇನ್ನೊಂದು ಪಂಚೆಗೆ ಇಳಿದಿತ್ತು. ಕೆಂಪು ಎಣ್ಣೆ ಮೆತ್ತಿದ ಬಿಳಿ ಬಟ್ಟೆಯನ್ನು ಅಧಿಕಾರಿ ಎರಡು ಬೆರಳಲ್ಲಿ ಎತ್ತಿ ಹಿಡಿದಾಗ, ಸುಮಿತ್ರಾ ಮೇಡಂ ನನಗೂ ಅವರಿಗೂ ಸಂಬಂಧವೇ ಇಲ್ಲವೆಂಬಂತೆ ಎರಡು ಹೆಜ್ಜೆ ಸರಿದು ನಿಂತರು.

ಅಧಿಕಾರಿ ಹುರಿಹಿಟ್ಟಿನ ಪೊಟ್ಟಣ ಬಿಚ್ಚಿದ, ಮೂಸಿದ. ಗಂಟಿಕ್ಕಿದ್ದ ಹುಬ್ಬು ಸಡಿಲಾಯಿತು. "ಕುರಕ್ಕನ್!" ಎಂದ. ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿದ. ಅಲ್ಲಿ ರಾಗಿಗೆ ಆ ಹೆಸರು. ತನ್ನ ಅಜ್ಜಿ ಅದರಲ್ಲಿ ರೊಟ್ಟಿ ತಟ್ಟುತ್ತಿದ್ದಳೆಂದು ಕೈಯಲ್ಲಿ ತಟ್ಟಿ ತೋರಿಸಿದ. ನಾನು ಎರಡೂ ಅಂಗೈಯಲ್ಲಿ ಮುದ್ದೆ ಕಟ್ಟಿ, ಮುರಿದು, ಅದ್ದಿ, ನುಂಗಿ ತೋರಿಸಿದೆ. ಅವನು ಅಗಿಯುವುದಿಲ್ಲವೇ ಎಂದು ಹಲ್ಲು ಮುಟ್ಟಿ ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿ ಗಂಟಲು ತೋರಿಸಿದೆ. ಇಬ್ಬರೂ ನಕ್ಕೆವು. ಬ್ಯಾಗಿಗೆ ಚಾಕ್‌ಪೀಸಿನ ಗುರುತು ಬಿತ್ತು, ಹೊರಗೆ ಬಂದೆವು.

"ರಾಗಿ ಎಲ್ಲಿ ಹೋದ್ರೂ ಬಿಟ್ಕೊಡಲ್ಲ ನೋಡಿ ಮೇಡಂ" ಎಂದೆ.

"ಉಪ್ಪಿನಕಾಯಿ ಬಿಟ್ಕೊಡ್ತಲ್ಲ ರಮಣಪ್ಪನವರೇ" ಎಂದರು ಮೇಡಂ.

ನೆಗೊಂಬೊ

ವಿಮಾನ ನಿಲ್ದಾಣದ ಹತ್ತಿರದ ಈ ಊರಲ್ಲೇ ನಾನು ಮೊದಲು ಸಮುದ್ರ ನೋಡಿದ್ದು. ನಮ್ಮ ಕಡೆ ಕೆರೆ ತುಂಬಿ ಕೋಡಿ ಹರಿದರೆ ಅದೇ ದೊಡ್ಡ ಸುದ್ದಿ, ಹೆಂಗಸರು ಬಾಗಿನ ಬಿಡುತ್ತಾರೆ. ಇಲ್ಲಿ ಇಷ್ಟು ನೀರು ಯಾರೂ ಕೇಳದೆ ಬಿದ್ದಿದೆ. ಅದೂ ಉಪ್ಪು. ಪದ್ಮ ಸಿಸ್ಟರ್ ತಲೆಯಲ್ಲಿದ್ದ ಹೂವು ತೆಗೆದು ಅಲೆಗೆ ಬಿಟ್ಟರು. ಅಲೆ ಅದನ್ನು ತಂದು ಅವರ ಕಾಲಿನ ಹತ್ತಿರವೇ ಇಟ್ಟು ಹೋಯಿತು. ಮತ್ತೆ ಬಿಟ್ಟರು, ಮತ್ತೆ ತಂದಿಟ್ಟಿತು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ನೋಡಿ ನೋಡಿ ಎದ್ದುಬಂದು, ಆ ಹೂವನ್ನು ಎತ್ತಿ ಸಿಸ್ಟರ್ ಮುಡಿಗೇ ಸಿಕ್ಕಿಸಿ ಹೋದಳು.

ಕ್ಯಾಂಡಿಯ ಬಸ್ಸು

ನಮ್ಮನ್ನು ಕರೆದೊಯ್ಯಬೇಕಿದ್ದ ವ್ಯಾನು ಕೆಟ್ಟು ನಿಂತಿತ್ತು. ಬಸ್ಸಿನಲ್ಲಿ ಹೊರಟೆವು. ಕೆಂಪು ಬಸ್ಸು, ಥೇಟ್ ನಮ್ಮದರಂತೆಯೇ ಗಡಗಡ. ಮುಂದಿನ ಸೀಟು ಖಾಲಿ ಇತ್ತು. ಜನ ನಿಂತಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ. ಇವರಿಗೆ ಚುರುಕು ಸಾಲದು ಎಂದುಕೊಂಡು ಕಿಟಕಿಯ ಪಕ್ಕ ಕಾಲು ಚಾಚಿ ಕೂತೆ. ಟವೆಲ್ ಹಾಕಿ ಸೀಟು ಹಿಡಿಯುವ ಜಿಲ್ಲೆಯವನು ನಾನು.

ಮುಂದಿನ ಸ್ಟಾಪಿನಲ್ಲಿ ಕಾವಿ ಉಟ್ಟ ಬೌದ್ಧ ಸ್ವಾಮಿಯೊಬ್ಬರು ಹತ್ತಿದರು. ಇಡೀ ಬಸ್ಸು ನನ್ನನ್ನು ನೋಡಿತು. ನಾನು ಕಿಟಕಿಯ ಹೊರಗೆ ನೋಡಿದೆ. ಕೊನೆಗೆ ಒಬ್ಬ ಹುಡುಗಿ ತಮಿಳಿನಲ್ಲಿ, "ಅಯ್ಯಾ, ಅದು ಸ್ವಾಮಿಗಳ ಸೀಟು" ಎಂದಳು. ತಮಿಳು ನನಗೆ ಬರುತ್ತದೆ. ನಮ್ಮ ಗಡಿ ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬರದಿದ್ದರೆ ರೇಷ್ಮೆಗೂಡು ಮಾರುವುದು ಕಷ್ಟ. ಸ್ಪ್ರಿಂಗಿನಂತೆ ಎದ್ದೆ. ತಲೆ ಮೇಲಿನ ಕಂಬಿಗೆ ಬಡಿಯಿತು. ಸ್ವಾಮಿಗಳು ಕೂತರು, ನನ್ನ ತಲೆ ನೋಡಿದರು, ನಕ್ಕರು. ನಮ್ಮ ಬಸ್ಸುಗಳಲ್ಲಿ ಹೆಂಗಸರ ಸೀಟು ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಗಂಡಸರು ನಿದ್ದೆ ಬಂದಂತೆ ಕಣ್ಣು ಮುಚ್ಚುತ್ತೇವೆ. ಇಲ್ಲಿಯ ಜನಕ್ಕೆ ಖಾಲಿ ಸೀಟಿನ ಮುಂದೆ ನಿಂತೇ ಹೋಗುವುದು ಗೊತ್ತಿದೆ.

ಹಿಂದೆ ಮೂವರಿಗೂ ಒಟ್ಟಿಗೆ ಜಾಗ ಸಿಕ್ಕಿತು. ಬೆಟ್ಟ ಹತ್ತುತ್ತಿದ್ದಂತೆ ಸುಮಿತ್ರಾ ಮೇಡಂ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ತೆಗೆದರು.

"ರಮಣಪ್ಪನವರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಂಡದವರು ನಿಮ್ಮ ಊರಿಗೆ ಹೋಗಿದ್ರು. ಟೀ ಅಂಗಡಿ, ಹಾಲಿನ ಡೈರಿ, ರೇಷನ್ ಅಂಗಡಿ, ಎಲ್ಲಾ ಕಡೆ ಕೇಳಿದ್ರು. ಮನಸ್ಸಿನ ಕಾಯಿಲೆ ನೋಡೋ ನರ್ಸ್ ಬರ್ತಾರಾ ಅಂತ. ಒಬ್ಬರೂ ಹೌದು ಅನ್ನಲಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಹಾಗೇ. ಶ್ರೀನಿವಾಸಪುರದ ತೋಟಗಳ ಕಡೆನೂ ಹಾಗೇ."

"ನಮ್ಮನೆಗೆ ಬರ್ತಾರಲ್ಲ ಮೇಡಂ."

"ನಿಮ್ಮ ಮನೆಗೆ ಬರ್ತಾರೆ, ಒಪ್ಪಿದೆ. ಆದ್ರೆ ನಿಮ್ಮ ಬೀದಿಯವರಿಗೇ ಗೊತ್ತಿಲ್ಲ. ಊರಿಗೇ ಗೊತ್ತಿಲ್ಲದ ನರ್ಸಿಗೆ ಸಂಬಳ ಯಾಕೆ ಅಂತ ಮೇಲಿನವರು ಕೇಳ್ತಾರೆ. ಅದೇ ನರ್ಸನ್ನ ಕೋಲಾರದ ಆಸ್ಪತ್ರೇಲಿ ಕೂರಿಸಿದ್ರೆ ಕ್ಯೂ ನಿಂತಿರೋ ಜನಾನಾದ್ರೂ ನೋಡ್ತಾರೆ. ಏನಂತ ಬರೀಲಿ?"

"ಮೇಡಂ, ನಮ್ಮ ಹುಳ ಸೊಪ್ಪು ಹುಡುಕ್ಕೊಂಡು ತೋಟಕ್ಕೆ ಹೋಗಲ್ಲ. ಸೊಪ್ಪೇ ಹುಳದ ಹತ್ರ ಹೋಗ್ಬೇಕು. ಎಲ್ಲಾ ಹುಳಾನೂ ತೋಟಕ್ಕೆ ಬರ್ಲಿ ಅಂದ್ರೆ ಒಂದು ಗೂಡೂ ಕಟ್ಟಲ್ಲ."

ಮೇಡಂ ನಕ್ಕರು. "ಮಾತು ಚೆನ್ನಾಗಿದೆ. ಮಾತಿಗೆ ಸರ್ಕಾರ ಸಂಬಳ ಕೊಡಲ್ಲ. ನರ್ಸ್ ಹೋಗಿದ್ದಕ್ಕೆ ಜನರ ಬಾಯಿಂದ ಸಾಕ್ಷಿ ಬೇಕು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ರೇಷ್ಮೆ ಮೇಡಂ ಎಂದು ಕೇಳಿದ್ದರೆ ಊರಿಗೆ ಊರೇ ಎದ್ದು ಹೇಳುತ್ತಿತ್ತು! ಪದ್ಮ ಸಿಸ್ಟರ್ ಮುಖ ನೋಡಿದೆ. ಅವರು ಬೇಡ ಎಂಬಂತೆ ಕಣ್ಣಲ್ಲೇ ಹೇಳಿ ಹೊರಗೆ ನೋಡಿದರು.

ಬಸ್ಸು ಟೀಗೆ ನಿಂತಾಗ ಅವರನ್ನು ಪಕ್ಕಕ್ಕೆ ಕರೆದೆ. "ಸಿಸ್ಟರ್, ಕೆಲಸ ನಿಮ್ಮದು ಹೋಗೋದು. ಹೇಳ್ಬಾರ್ದಾ?"

"ಅದು ನನ್ ಮಾತಲ್ಲ ರಮಣಣ್ಣ. ನಿಮ್ಮಮ್ಮನಿಗೆ ಭಾಷೆ ಕೊಟ್ಟಿದೀನಿ. ಹಂಗೆ ಎಷ್ಟು ಮನೆಗೆ ಕೊಟ್ಟಿದೀನೋ. ಮಾಲೂರು ಸಿಸ್ಟರ್ ಇಟ್ಟಿಗೆ ಗೂಡಿನವರಿಗೆ ಲೇಬರ್ ಕಾರ್ಡ್ ಮೇಡಂ, ನಮ್ಮ ಶ್ರೀನಿವಾಸಪುರದ ಕಡೆ ಇರೋರು ತೋಟಗಾರಿಕೆ ಮೇಡಂ. ಎಲ್ಲರದೂ ಇದೇ ಕಥೆ. ಕೆಲಸ ಹೋದ್ರೆ ಹೋಗ್ಲಿ, ನಾನಂತೂ ಬಾಯಿ ಬಿಡಲ್ಲ."

ನನ್ನಮ್ಮನ ಒಂದು ಮಾತಿಗೆ ತನ್ನ ಅನ್ನ ಪಣಕ್ಕಿಟ್ಟು ನಿಂತ ಈ ಹೆಣ್ಣುಮಗಳು ನಮ್ಮ ಜಿಲ್ಲೆಯವಳು ಎಂದು ನನಗೆ ಎದೆಯುಬ್ಬಿತು. ಆದರೆ ಸಿಸ್ಟರ್ ಬರದಿದ್ದರೆ ಮುನಿ ಏನಾಗುತ್ತಾನೆ?

ಮಾತಳೆ ಕಡೆಯ ಹಳ್ಳಿ

ಮರುದಿನ ಕ್ಯಾಂಡಿಯಿಂದ ಮಾತಳೆಯ ಕಡೆಗೆ ಹೋದೆವು. ಅಲ್ಲಿ ನಮ್ಮನ್ನು ಒಪ್ಪಿಸಿಕೊಂಡವರು ಸೆಲ್ವಿ ಎಂಬ ಸರ್ಕಾರಿ ನರ್ಸು. ನಡುವಯಸ್ಸು, ಬಿಳಿ ಉಡುಪು, ಕೈಯಲ್ಲಿ ಕೊಡೆ. ಸಿಂಹಳ ತಮಿಳು ಎರಡೂ ಆಡುತ್ತಾರೆ. ತಮಿಳಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಮೇಡಂಗೆ ಹೇಳುವುದು. ಮೇಡಂಗೆ ತಮಿಳು ಬಾರದು, ಆರನೇ ಕ್ಲಾಸಿನವನು ಡಾಕ್ಟರಿಗೆ ದುಭಾಷಿಯಾದೆ. ಇದನ್ನು ಬರೆಯದೆ ಬಿಡಲು ನನ್ನಿಂದಾಗದು.

ಹಳ್ಳಿ ನಮ್ಮಂಥದೇ, ಆದರೆ ಹಸಿರು ಕಣ್ಣಿಗೆ ಚುಚ್ಚುವಷ್ಟು. ಎಲ್ಲೆಂದರಲ್ಲಿ ತೆಂಗು, ಮೆಣಸು, ಕೋಕೋ. ಬೋರ್‌ವೆಲ್ ಲಾರಿ ಒಂದೂ ಕಾಣಲಿಲ್ಲ. ಸೆಲ್ವಿ ನಡೆಯುತ್ತಿದ್ದರೆ ಅಂಗಡಿಯವರು, ಹೊಲದವರು ಕೂಗಿ ಮಾತಾಡಿಸುತ್ತಿದ್ದರು. ಒಂದು ಮನೆಯ ಮುದುಕ ದೂರದಿಂದಲೇ ತೋಳು ತೋರಿಸಿ, ಇವತ್ತು ಇಂಜೆಕ್ಷನ್ ಯಾವ ಕೈಗೆ ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ.

"ನೋಡಿ, ಇಲ್ಲಿ ಎಷ್ಟು ಬಹಿರಂಗ" ಎಂದರು ಸುಮಿತ್ರಾ ಮೇಡಂ. ನನಗೆ ನಾಚಿಕೆಯಾಯಿತು. ಲಂಕೆಯವರಿಗಿರುವ ಧೈರ್ಯ ತಾಯಲೂರಿಗಿಲ್ಲವೇ?

ಪ್ರತಿ ಮನೆಯಲ್ಲೂ ಟೀ. ಹಾಲಿಲ್ಲದ ಕಡು ಟೀ, ಸಕ್ಕರೆಯನ್ನೂ ಹಾಕುವುದಿಲ್ಲ. ಜೊತೆಗೆ ಅಂಗೈ ಮೇಲೆ ಒಂದು ತುಂಡು ಬೆಲ್ಲ ಇಡುತ್ತಾರೆ. ಬೆಲ್ಲ ಕಚ್ಚಿ ಟೀ ಹೀರಬೇಕು. ನಾನು ಬೆಲ್ಲವನ್ನು ಲೋಟಕ್ಕೆ ಹಾಕಿ ಬೆರಳಲ್ಲಿ ಕದಡಿದೆ. ಮನೆಯ ಮಕ್ಕಳು ಒಬ್ಬರನ್ನೊಬ್ಬರು ಕರೆದು ತೋರಿಸಿ ನಕ್ಕರು.

ಕೊನೆಯ ಮನೆ

ಆಮೇಲೆ ಪಕ್ಕದ ಊರಿನ ಒಂದು ಓಣಿಯ ತಿರುವಿನಲ್ಲಿ ಸೆಲ್ವಿ ನಿಂತರು. ಬಿಳಿ ಉಡುಪಿನ ಮೇಲೆ ಒಂದು ಹಳೆಯ ಕೋಟು ಹಾಕಿಕೊಂಡರು. ಚೀಲದಿಂದ ಟಾರ್ಚ್ ಮತ್ತು ಉದ್ದ ಹಿಡಿಯ ಸೌಟು ತೆಗೆದರು. ನನಗೆ ಹೇಳಿದರು: "ಅಣ್ಣ, ನಿಮ್ಮ ಡಾಕ್ಟರಮ್ಮನಿಗೆ ಹೇಳಿ. ಈ ಮನೆಯಲ್ಲಿ ನಾನು ಡೆಂಗಿ ಸೊಳ್ಳೆ ನೋಡುವವಳು. ನೀವು ಮೂವರು ಇಂಡಿಯಾದ ಡೆಂಗಿ ಆಫೀಸರುಗಳು."

"ಯಾಕೆ?"

"ಆ ತಾಯಿ ಹಾಗೆ ಕೇಳಿಕೊಂಡಿದ್ದಾಳೆ."

ಕನ್ನಡ ಮಾಡುವಾಗ ನನ್ನ ನಾಲಿಗೆ ತೊದಲಿತು. ಪದ್ಮ ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡರು.

ಗೇಟಿನೊಳಗೆ ಸೆಲ್ವಿ ಹೂಕುಂಡದ ತಟ್ಟೆ ನೋಡಿದರು, ತೆಂಗಿನ ಚಿಪ್ಪು ಮಗುಚಿದರು, ತೊಟ್ಟಿಗೆ ಸೌಟು ಅದ್ದಿ ಟಾರ್ಚ್ ಬಿಟ್ಟರು. ಬೇಲಿಯ ಆಚೆ ಪಕ್ಕದ ಮನೆಯವಳು ಬಟ್ಟೆ ಹರವುತ್ತಾ ನೋಡುತ್ತಿದ್ದಳು. ಇಂಡಿಯಾದಿಂದ ಬಂದವರೆಂದು ತಿಳಿದು, ತನ್ನ ತೊಟ್ಟಿಯನ್ನೂ ನೋಡಿ ಎಂದು ಮೇಡಂ ಕೈ ಹಿಡಿದಳು. ಬೆಂಗಳೂರಿನಲ್ಲಿ ಹೆಸರಾದ ಮನಸ್ಸಿನ ಡಾಕ್ಟರು ಸೀರೆ ಎತ್ತಿಕಟ್ಟಿ, ತೊಟ್ಟಿಗೆ ಬಗ್ಗಿ, ಗಂಭೀರವಾಗಿ ತಲೆಯಾಡಿಸಿದರು. ಆ ಹೊತ್ತಿಗೆ ಒಳಗೆ ಸೆಲ್ವಿ ಆ ತಾಯಿಯ ಮಗನ ಹತ್ತಿರ ಕೂತಿದ್ದರು. ಮುನಿಯ ವಯಸ್ಸಿನವನೇ. ತೆಂಗಿನಕಾಯಿ ತುರಿಯುತ್ತಿದ್ದ. ತಲೆ ಎತ್ತದೆ ತೋಳು ಕೊಟ್ಟ, ಇಂಜೆಕ್ಷನ್ ಆಯಿತು, ಮತ್ತೆ ತುರಿಯತೊಡಗಿದ. ಒಂದು ಕಾಯಿಯಾದ ಮೇಲೆ ಸೆಲ್ವಿಗೆ ಏನೋ ಹೇಳಿ ನಕ್ಕ. ಆ ನಗು ನನಗೆ ಗೊತ್ತು. ತಾಯಿ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಿತು.

ಓಣಿಗೆ ಬಂದಮೇಲೆ ಮೇಡಂ ನಿಂತರು. "ಕೇಳಿ ಅವರನ್ನ. ಈ ಓಣಿಯಲ್ಲಿ ಮನಸ್ಸಿನ ಕಾಯಿಲೆ ನರ್ಸ್ ಬರ್ತಾರಾ ಅಂತ ನಾವು ಆ ಪಕ್ಕದ ಮನೆಯವರನ್ನ ಕೇಳಿದ್ರೆ ಏನಂತಾರೆ?"

ಸೆಲ್ವಿ ನಕ್ಕರು. "ಯಾರೂ ಬರಲ್ಲ, ಸೊಳ್ಳೆಯವಳು ಬರ್ತಾಳೆ ಅಂತಾರೆ."

"ಮತ್ತೆ ನಿಮ್ಮ ಸರ್ಕಾರ ನಿಮ್ಮ ಕೆಲಸಾನ ಹೇಗೆ ಅಳೆಯುತ್ತೆ?"

"ನಮ್ಮನ್ನೂ ಕೇಳ್ತಾನೇ ಇರ್ತಾರೆ, ದುಡ್ಡು ಸಾರ್ಥಕವಾ ಅಂತ. ಆದ್ರೆ ಬೀದಿಯನ್ನ ಕೇಳಲ್ಲ. ಮನೆಯವರು ಒಪ್ಪಿದ್ರೆ ಮನೆಯವರನ್ನೇ ಕೂರಿಸಿ ಕೇಳ್ತಾರೆ."

ಮೇಡಂ ಸ್ವಲ್ಪ ದೂರ ನಡೆದರು. ಆಮೇಲೆ ಹಿಂದೆ ತಿರುಗಿ ನಿಧಾನವಾಗಿ ಕೇಳಿದರು: "ಪದ್ಮ ಸಿಸ್ಟರ್, ತಾಯಲೂರಿನಲ್ಲಿ ನೀವು ಯಾರು?"

ಸಿಸ್ಟರ್ ನನ್ನನ್ನು ನೋಡಿದರು. ಮೇಡಮ್ಮೂ ನನ್ನನ್ನು ನೋಡಿದರು.

"ಅದು ನಂದೂ ಅಲ್ಲ ಮೇಡಂ" ಎಂದೆ. "ನನ್ ತಮ್ಮಂದು. ಅವನ್ನ ಕೇಳಿ ಸಂಜೆ ಹೇಳ್ತೀನಿ."

ಅತಿಥಿಗೃಹದ ಜಗಲಿ

ಸೂರ್ಯ ಇಳಿಯುವ ಹೊತ್ತಿಗೆ ಜಗಲಿಯಲ್ಲಿ ಕೂತು ಫೋನು ಮಾಡಿದೆ. ಮುನಿ ಹುಳದ ಮನೆಯಲ್ಲಿದ್ದ. ಅವನ ದನಿಗಿಂತ ಮೊದಲು ನನಗೆ ಕೇಳಿಸಿದ್ದು ಹುಳ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ. ಎಲ್ಲ ಹುಳ ಒಂದೇ ಸಮ ತಿಂದರೆ ಮಾತ್ರ ಆ ಸದ್ದು ಬರುತ್ತದೆ.

"ಜ್ವರ ಎದ್ವೇನ್ಲಾ?"

"ಎಲ್ಲಾ ಒಟ್ಟಿಗೆ ಎದ್ವು ಅಣ್ಣಾ. ನೀನಿದ್ದಾಗ್ಲೂ ಹಿಂಗೆದ್ದಿಲ್ಲ. ಲಂಕಾ ಎಂಗೈತೆ?"

ಹೇಳಿದೆ. ಸೊಳ್ಳೆ ನೋಡುವ ನರ್ಸಿನ ಕಥೆ ಹೇಳಿದೆ. ಮುನಿ ತುಂಬ ಹೊತ್ತು ನಕ್ಕ. ಬಸ್ಸಿನಲ್ಲಿ ಮೇಡಂ ಹೇಳಿದ್ದನ್ನೂ ಹೇಳಿದೆ. ನಗು ನಿಂತಿತು.

"ಅಂದ್ರೆ ನಮ್ ಸಿಸ್ಟರ್‌ನ ತೆಗೀತಾರಾ?"

"ಯಾರಿಗೂ ಗೊತ್ತಿಲ್ಲ ಅಂತ ತೆಗೀಬೋದು."

ಅವನು ಹುಳಕ್ಕೆ ಸೊಪ್ಪು ಹರವಿದ ಸದ್ದು ಕೇಳಿತು. ಆಮೇಲೆ ಅವನು, "ಅಣ್ಣಾ, ಮಗು ಮದ್ವೆ?" ಎಂದ.

ನನ್ನ ಮಗಳ ವಿಷಯ. ಅವಳನ್ನು ಎತ್ತಿ ಆಡಿಸಿದವನು ಅವನು. "ನನ್ ತಮ್ಮ ಯಾರು ಅಂತ ಕೇಳಿ ಹಿಂದೆ ಹೋಗೋ ಗಂಡು ನನ್ ಮಗಳಿಗೆ ಬ್ಯಾಡ ಕಣೋ. ಅದು ನನ್ಗೆ ಬಿಡು" ಎಂದೆ.

"ಅಮ್ಮನಿಗೆ ನಾನ್ ಹೇಳ್ಕೊಂತೀನಿ. ಆ ಡಾಕ್ಟರ್ ಮೇಡಮ್ಮಿಗೆ ಫೋನ್ ಕೊಡು."

ಕೊಟ್ಟೆ. ಮೇಡಂ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದರಿಂದ ನಮಗೂ ಕೇಳಿಸಿತು. "ನಮಸ್ಕಾರ ಮೇಡಂ. ನಾನು ಮುನಿರಾಜು. ನಮ್ಮೂರಾಗೆ ಸಿಸ್ಟರ್‌ಗೆ ರೇಷ್ಮೆ ಮೇಡಂ ಅಂತಾರೆ. ನನ್ ಸಲುವಾಗಿ ಆ ಹೆಸ್ರು. ಇಂಜೆಕ್ಷನ್ ಒಂದೇ ಅಲ್ಲ ಮೇಡಂ. ಆ ಮಾತುಗಳು ಮತ್ತೆ ಕೇಳೋಕೆ ಶುರುವಾದ್ರೆ ನಾನು ಬೆಂಗ್ಳೂರ್ಗಂಟ ಹೋಗಲ್ಲ, ಹೋಗೋಕಾಗಲ್ಲ. ಅವ್ರು ಬಂದ್ರೆ ಬಾಗ್ಲು ತೆಗೀತೀನಿ. ಅಷ್ಟೇಯ."

"ಮುನಿರಾಜು, ಹಿಂದೆ ಅದೇನು ಸದ್ದು? ಮಳೆನಾ?"

"ಹುಳ ಮೇಡಂ. ಊಟ ಮಾಡ್ತಾವೆ."

ಮೇಡಂ ಫೋನು ಕೊಟ್ಟು ಕನ್ನಡಕ ಒರೆಸಿಕೊಂಡರು. "ಈ ಹೊತ್ತಲ್ಲಿ ಹುಳಾನ ಯಾರ ಕೈಲಿ ಬಿಟ್ಟು ಬಂದಿದೀರಿ ಅಂತ ನಾನು ನಿಮ್ಮನ್ನ ಕೇಳಲೇ ಇಲ್ಲ ರಮಣಪ್ಪನವರೇ."

"ಅವನ ಕೈಲೇ ಮೇಡಂ."

"ಆದ್ರೂ ಒಂದು ಮನೆ ಮಾತಿನ ಮೇಲೆ ನಾನು ಬರೆಯೋ ಹಾಗಿಲ್ಲ" ಎಂದರು. ಕನ್ನಡಕ ಹಾಕಿಕೊಂಡು, "ನಾವು ಕೇಳಿದ ರೀತಿ ಸರಿಯಿಲ್ಲ. ಮತ್ತೆ ಕೇಳೋಣ. ಒಪ್ಪೋ ಮನೆಯವರನ್ನ, ಮನೆ ಒಳಗೆ. ತಾಯಲೂರಿಗೆ ನಾನೇ ಬರ್ತೀನಿ" ಎಂದರು.

ಆ ಸಂಜೆ ಅಡುಗೆಯವನು ಶ್ಯಾವಿಗೆ, ಬೇಳೆ ಸಾರು, ಕೆಂಪು ಮೆಣಸಿನ ಜೊತೆ ಅರೆದ ತೆಂಗಿನಕಾಯಿ ಚಟ್ನಿ ಬಡಿಸಿದ. ಶ್ಯಾವಿಗೆ ನಮ್ಮ ಒತ್ತು ಶ್ಯಾವಿಗೆಯೇ, ತಟ್ಟೆತಟ್ಟೆಯಾಗಿ ಒತ್ತಿರುತ್ತಾರೆ. ಉಳಿದಿದ್ದ ಉಪ್ಪಿನಕಾಯಿ ತೆಗೆದಿಟ್ಟೆವು. ಮೊದಲು ಕೈ ಹಾಕಿದವರು ಮೇಡಮ್ಮೇ.

ಮತ್ತೆ ತಾಯಲೂರು

ಊರಿಗೆ ಬಂದು ಗೂಡು ಬಿಡಿಸಿದೆವು. ಮುನಿಯ ಬೆಳೆ ನನ್ನ ಯಾವ ಬೆಳೆಗೂ ಕಡಿಮೆಯಿರಲಿಲ್ಲ. ಕಡಿಮೆಯಿರಲಿಲ್ಲ ಎನ್ನುವುದು ನಾನು, ಅವನು ಹೆಚ್ಚೆನ್ನುತ್ತಾನೆ. ನಾಲ್ಕೂ ತಾಲ್ಲೂಕಿನಲ್ಲಿ ಸಿಸ್ಟರ್‌ಗಳು ಮನೆಮನೆಗೆ ಹೋಗಿ, ಮಾತಾಡಲು ಒಪ್ಪುತ್ತೀರಾ ಎಂದು ಕೇಳಿದರು. ಒಪ್ಪಿದವರ ಮನೆಯೊಳಗೆ ಮೇಡಂ ಕೂತು ಕೇಳಿದರು. ಮಾಲೂರಿನ ಇಟ್ಟಿಗೆ ಗೂಡಿನ ಹೆಂಗಸೊಬ್ಬಳು ಬಾಗಿಲು ಹಾಕಿಕೊಂಡು ಮಾತಾಡಿದಳಂತೆ. ಆದರೂ ಮಾತಾಡಿದಳು.

ನಮ್ಮೂರಿಗೆ ಬಂದ ದಿನ ಮೇಡಂ ನೇರ ಚೌಡಪ್ಪನ ಟೀ ಅಂಗಡಿಯಲ್ಲಿ ಇಳಿದರು. ಆ ಹಳೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಮುನಿಯೇ ಫೋನಿನಲ್ಲಿ ಹೇಳಿದ್ದ. ನನಗೂ ಹೇಳಿದ್ದ, ಬಾಯಿ ಹಾಕಬೇಡ ಎಂದು. ಬೆಂಚಿನ ತುದಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಮನಸ್ಸಿನ ಕಾಯಿಲೆ ನೋಡೋ ನರ್ಸ್ ಈ ಊರಿಗೆ ಬರ್ತಾರಾ?"

"ಹೋದ್ಸಲಾನೇ ನಿಮ್ಮೋರ್ಗೆ ಹೇಳಿದ್ನಲ್ಲಮ್ಮ, ಅಂಥೋರು ಯಾರೂ ಬರಲ್ಲ" ಎಂದ ಚೌಡಪ್ಪ. "ನಮ್ಮೂರಾಗೆ ಆ ಥರದ್ದೇನೂ ಇಲ್ಲ."

ಮುನಿ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ. ಅಂಗಡಿಯ ಮುಂದೆ ಇಳಿಸಿದ. ಮುಖ ಒರೆಸಿಕೊಂಡ.

"ಬರ್ತಾರೆ ಚೌಡಣ್ಣ. ನನ್ನ ನೋಡೋಕೆ ಬರ್ತಾರೆ. ರೇಷ್ಮೆ ಮೇಡಂ ಅಂತೀಯಲ್ಲ, ಅವ್ರೇಯ."

ಚೌಡಪ್ಪ ಸೋಸುವ ಬಟ್ಟೆ ಹಿಡಿದು ನಿಂತೇ ಇದ್ದ.

"ಏನ್ಲಾ ಮಾತಾಡ್ತೀಯ! ಸುಣ್ಣಕಟ್ಟು ಬಂದು ಹುಳ ಎಲ್ಲಾ ಬೆಳ್ಳಗೆ ಒಣಗ್ತಿದ್ದಾಗ ನನ್ ಬೆಳೆ ಉಳಿಸ್ದೋರು ಆಯಮ್ಮ. ನರ್ಸ್‌ಗೆ ಅದೆಲ್ಲಾ ಎಂಗೊತ್ತಾಯ್ತದೆ? ಯಾರು ಹೇಳ್ಕೊಟ್ರು?"

ಮುನಿ ಬೆಂಚಿನ ತುದಿಗೆ ಕೈ ತೋರಿಸಿದ. "ನಮ್ಮಣ್ಣ."

ಮೊದಲು ನಕ್ಕವರು ಸುಮಿತ್ರಾ ಮೇಡಂ. ಆಮೇಲೆ ಇಡೀ ಅಂಗಡಿ. ಚೌಡಪ್ಪ ನನ್ನನ್ನೇ ನೋಡುತ್ತಾ ನಿಂತ. ಕೊನೆಗೆ, "ಥೂ ನಿನ್ನ! ಅದಕ್ಕೇ ಒಂದ್ಸಲ ಬೆಳೆ ಕೈ ಕೊಟ್ಟಿತ್ತು" ಎಂದು ಹೇಳಿ, ಮುನಿಗೆ ಟೀ ಬಗ್ಗಿಸಿ ಮೊದಲ ಲೋಟ ಕೊಟ್ಟ.

ಹುದ್ದೆಗಳು ಮುಂದುವರಿದಿವೆ. ನಾಲ್ವರು ಸಿಸ್ಟರ್‌ಗಳೂ ಇದ್ದಾರೆ. ಮಗಳಿಗೆ ಬಂದ ಒಂದು ಸಂಬಂಧ ಹಿಂದೆ ಹೋಯಿತು. ಹೋಗಲಿ. ಇನ್ನೊಂದು ಮನೆಯವರು ಬಂದು, ಮುನಿಯ ಹತ್ತಿರ ಕೂತು ಹುಳದ ಬಗ್ಗೆ ಕೇಳಿಕೊಂಡು ಹೋಗಿದ್ದಾರೆ.

ಮೇಡಂ ಬಂದು ಹೋದ ಕೆಲವು ದಿನಕ್ಕೆ, ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಚೌಡಪ್ಪ ಬದುವಿನ ಮೇಲೆ ಬಂದು ನಿಂತ. ಸುತ್ತ ನೋಡಿದ.

"ರಮಣಾ, ನಮ್ ಸೊಸೆ ಹೆರಿಗೆ ಆದಾಗ್ಲಿಂದ ಗೋಡೆ ನೋಡ್ಕೊಂಡು ಮಲಗಿರ್ತದೆ. ಮಗೂನ ಎತ್ಕೊಳಲ್ಲ. ಆಯಮ್ಮನ್ನ ಒಂದ್ಸಲ ನಮ್ಮನೆಗೂ ಬರೋಕೇಳು."

"ಹೇಳ್ತೀನಿ."

"ರೇಷ್ಮೆ ಮೇಡಂ ಆಗೇ ಬರ್ಲಿ."

"ಊರ್ಗೆಲ್ಲಾ ಗೊತ್ತಾಯ್ತಲ್ಲೋ ಚೌಡಾ, ಇನ್ನೆಲ್ಲಿ ರೇಷ್ಮೆ ಮೇಡಂ?"

"ಗೊತ್ತಿದ್ರೆ ಗೊತ್ತಿರ್ಲಿ. ನಮ್ಮನೆಗೆ ಬರೋದು ಹುಳ ನೋಡೋಕೆ."

"ಹುಳದ ಬಗ್ಗೆ ಏನಾರಾ ಹೇಳ್ಬೇಕಾಗ್ತದಲ್ಲ?"

ಚೌಡಪ್ಪ ಒಂದು ಎಲೆ ಕಿತ್ತು ಮಡಿಚಿದ, ಬಿಚ್ಚಿದ. ನನ್ನ ಮುಖ ನೋಡಲಿಲ್ಲ. "ನೀನೇ ಹೇಳ್ಕೊಟ್ಟು ಕಳ್ಸು" ಎಂದ. "ಕೇಳ್ತೀನಿ."